ಒಂಬತ್ತು ನಿಮಿಷದ ಹಗಲು

ರಾತ್ರಿಯಿಡೀ ಸುರಿದ ಮಳೆ, ಉಪವಾಸಕ್ಕೆ ಮುಂಚಿನ ಸಹರಿ ಊಟ ಮುಗಿಯುವ ಹೊತ್ತಿಗೆ ನಿಂತಿದೆ. ಮಕಾಸ್ಸರ್ ವಿಮಾನ ನಿಲ್ದಾಣದ ರನ್‌ವೇ ಮೇಲೆ ತೆಳುವಾದ ಮಂಜು. ಮೂಡಲಲ್ಲಿ ಮೋಡ ಹರಿದು ಒಂದು ಕೆಂಪು ಗೆರೆ. ನಮಾಜಿನ ಕೋಣೆಯ ಚಾಪೆ ಕೊಡವಿ ಹಾಸಿದ ದಾಯೆಂಗ್ ರೋವಾ, ಬಾಗಿಲ ಪಕ್ಕದ ಕರಿಹಲಗೆ ಒರೆಸಿ ಬರೆಯುತ್ತಾರೆ: ‘ಜಯಾಪುರ. ಎರಡು ಸಾವಿರದ ಮುನ್ನೂರು ಕಿಲೋಮೀಟರ್. ಮೂರು ತಾಸು ಇಪ್ಪತ್ತು ನಿಮಿಷ.’ ಅದರ ಕೆಳಗೆ ಉಪವಾಸ ಬಿಡುವ ಹೊತ್ತು ಬರೆಯಬೇಕು. ಆ ಜಾಗ ಇನ್ನೂ ಖಾಲಿ.

ರಂಜಾನಿನಲ್ಲಿ ಮೂಡಣಕ್ಕೆ ಹಾರುವವರ ಹಗಲು ದಾರಿಯಲ್ಲೇ ಸವೆಯುತ್ತದೆ. ಮಕಾಸ್ಸರಿನ ಸೂರ್ಯಾಸ್ತದ ಹೊತ್ತನ್ನು ನಂಬಿದವರು ಮುಕ್ಕಾಲು ತಾಸು ಸುಮ್ಮನೆ ಬಾಯಾರುತ್ತಾರೆ. ಜಯಾಪುರದ್ದನ್ನು ನಂಬಿದವರು ಹಗಲಲ್ಲೇ ಖರ್ಜೂರ ಬಾಯಿಗಿಡುತ್ತಾರೆ. ಇಲ್ಲಿ ಹತ್ತೊಂಬತ್ತು ವರ್ಷ ಕಸ ಗುಡಿಸಿ, ಒಮ್ಮೆಯೂ ವಿಮಾನ ಹತ್ತದ ಈ ಅರವತ್ತೊಂದರ ಹಿರಿಯರು ದಿನಕ್ಕೆ ನಲವತ್ತು ಚೀಟಿ ಬರೆದು, ಎರಡೆರಡು ಖರ್ಜೂರ ಸುತ್ತಿಕೊಡುತ್ತಾರೆ.

ಬಿಸಿಲೇರುವಾಗ ಜಯಾಪುರದಿಂದ ಬಂದಿಳಿದ ಗಗನಸಖಿ ರಿಸ್ಮಾ ಕಿಚಾಯಿಸುತ್ತಾರೆ: “ಏನು ದಾಯೆಂಗ್, ಇವತ್ತೂ ಸೂರ್ಯನ ವಿಚಾರಣೇನಾ?”

“ಅವನು ನನ್ ಮಾತೆಲ್ಲಿ ಕೇಳ್ತಾನಮ್ಮ? ನೀನೇ ಹೇಳು, ನಿನ್ನೆ ಹೋಗ್ವಾಗ ಕಿಟಕೀಲಿ ಎಷ್ಟಕ್ಕೆ ಮುಳುಗ್ದ?”

“ಮಕಾಸ್ಸರ್ ಗಡಿಯಾರದಲ್ಲಿ ಐದು ಇಪ್ಪತ್ತೈದು.”

ಹೀಗೆ ಕೇಳುವುದನ್ನು ಹಿರಿಯರು ಕಲಿತದ್ದು ಹೋದ ವರ್ಷದ ತಪ್ಪಿನಿಂದ. “ಪಂಚಾಂಗ ನೋಡಿ ನೆಲದ ಲೆಕ್ಕ ಬರೆದುಬಿಟ್ಟೆ. ಮೇಲಿರೋರಿಗೆ ಅವನು ಒಂಬತ್ತು ನಿಮಿಷ ಹೆಚ್ಚು ಕಾಣ್ತಾನಂತೆ. ಚೀಟಿ ನಂಬಿ ಹಸ್ನಿಯಮ್ಮ ನೀರು ಕುಡಿದ್ರು. ಕುಡಿದು ಕಿಟಕಿ ನೋಡಿದ್ರೆ, ಸೂರ್ಯ ಅಲ್ಲೇ ಕೂತಿದ್ದ!”

ಜಯಾಪುರದಲ್ಲಿ ಬಟ್ಟೆ ಮಾರುವ ಹಸ್ನಿಯಾ, ಸರೋಂಗ್ ಲುಂಗಿ ಕೊಳ್ಳಲು ರಂಜಾನಿಗೊಮ್ಮೆ ಇಲ್ಲಿಗೆ ಬರುವವರು. ಕೆಟ್ಟ ಆ ಉಪವಾಸವನ್ನು ಹಬ್ಬದ ಮೇಲೆ ಮತ್ತೆ ಹಿಡಿಯಬೇಕಾಯಿತು. ಹಿಂದಿನ ದಿನ ಫೋನು ಮಾಡಿ, “ನಾಳೆ ನಿಮ್ಮ ದಯದಿಂದ ಹಸ್ಕೊಂಡಿರ್ತೀನಿ ದಾಯೆಂಗ್” ಎಂದಿದ್ದರು. ಮರುದಿನ ದಾಯೆಂಗ್ ರೋವಾ ಅವರೂ ತುತ್ತು ಮುಟ್ಟಲಿಲ್ಲ. “ಅವರ ದಿನ ನನ್ನಿಂದ ತುಂಬಲ್ಲ, ಗೊತ್ತು. ಅವರ ಹಸಿವಾದ್ರೂ ತಿಳೀಲಿ ಅಂತ.” ಇನ್ನೊಮ್ಮೆ ಹಸ್ನಿಯಾ ಇವರ ಚೀಟಿ ಮುಟ್ಟುತ್ತಾರೆಯೇ ಎಂಬುದೊಂದೇ ಅಂದಿನಿಂದ ಕೊರೆಯುವ ಚಿಂತೆ.

ಆಸೆಯೇನಾದರೂ ಇದೆಯೇ ಎಂದು ಕೇಳಿದರೆ: “ಒಂದ್ಸಲ ಮೇಲಿಂದ ಆ ಮುಳುಗೋದನ್ನ ನೋಡ್ಬೇಕು. ಅಲ್ಲಾಹ್ ಕರುಣೆ ಇದ್ರೆ.”

ಮಧ್ಯಾಹ್ನ, ಮೂರರ ವಿಮಾನಕ್ಕೆ ಹೊರಟ ಹಸ್ನಿಯಾ ಗಂಟು ಹೊತ್ತು ಬಾಗಿಲಲ್ಲಿ ನಿಲ್ಲುತ್ತಾರೆ. “ಈ ಸಲ ಸೂರ್ಯನ್ನ ಕೇಳಿ ಬರೆದ್ರೋ, ನೀವೇ ಮುಳುಗಿಸಿದ್ರೋ?”

ದಾಯೆಂಗ್ ರೋವಾ ನಗುವುದಿಲ್ಲ. ಬೆಳಗ್ಗೆಯೇ ಬೇರೆ ತೆಗೆದಿಟ್ಟ ಚೀಟಿಯನ್ನು, ಹೋದ ವರ್ಷ ತಮ್ಮಿಂದ ತಪ್ಪಿಹೋದ ಆ ಸಂಜೆಯನ್ನೇ ಮರಳಿಸುವಂತೆ, ಎರಡೂ ಕೈಯಲ್ಲಿ ನೀಡುತ್ತಾರೆ. ‘ಐದು ಇಪ್ಪತ್ತೈದು. ಆದರೂ ಮೊದಲು ಕಿಟಕಿ ನೋಡಿ.’

ಹಸ್ನಿಯಾ ಓದುತ್ತಾರೆ. ಚೀಟಿ ಮಡಿಸಿ ಕೈಗಡಿಯಾರದ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುತ್ತಾರೆ.