ಹಲಗೆಯ ಮೂಲೆಯ ಹೆಸರು

ಮಧುಗಿರಿಯ ಹೈಸ್ಕೂಲಿನಲ್ಲಿ ನಮಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ಎಂದೂ ಬೆತ್ತ ಹಿಡಿದವರಲ್ಲ. ತಪ್ಪು ಮಾಡಿದವನು ತಾನಾಗಿ ಎದ್ದು ಕರಿಹಲಗೆಯ ಮೂಲೆಯಲ್ಲಿ ತನ್ನ ಹೆಸರು ಬರೆಯಬೇಕು, ತಪ್ಪು ಸರಿಮಾಡಿದ ಮೇಲೆ ತಾನೇ ಒರೆಸಬೇಕು. ಅವರ ಕ್ಲಾಸಿಗೆ ಇದ್ದದ್ದು ಇದೊಂದೇ ಕಾನೂನು. ಬರೆಯುವವನ ಕಡೆ ಅವರು ನೋಡುತ್ತಲೂ ಇರಲಿಲ್ಲ. ಕಿಟಕಿಯತ್ತ ತಿರುಗಿ, ಬೆರಳಿಗಂಟಿದ ಸೀಮೆಸುಣ್ಣವನ್ನು ಪಂಚೆಗೆ ಒರೆಸಿಕೊಳ್ಳುತ್ತ, "ನಿಂಗೆ ಗೊತ್ತಾಯ್ತಲ್ಲ, ಸಾಕು ಕಣಪ್ಪಾ" ಅನ್ನುತ್ತಿದ್ದರು.

ಒಂದು ದಿನ ಅವರು ಬರುವ ಮುಂಚೆ, ಹುಡುಗಾಟಕ್ಕೆ ನಾನು ಎಸೆದ ಮಸಿಬುಡ್ಡಿ ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಬಡಿದು ಒಡೆಯಿತು. ಸದ್ದು ಕೇಳಿ ಹೆಡ್ಮಾಸ್ಟರು ಬೆತ್ತದೊಂದಿಗೆ ಬಂದರು.

"ಯಾವನ್ಲಾ ಅವ್ನು?"

ನಾನು ಪುಸ್ತಕ ತೆರೆದು ಕೂತೆ. ನಾನು ಕ್ಲಾಸಿನ ಲೀಡರು ಬೇರೆ. ನನಗೆ ಹೆದರಿ ಉಳಿದವರೂ ಸುಮ್ಮನಿದ್ದರು. ಅಷ್ಟರಲ್ಲಿ ಬಂದ ಮೇಷ್ಟ್ರು ಗೋಡೆ ನೋಡಿದರು, ನನ್ನ ಅಂಗಿಯ ತೋಳಿಗೆ ಸಿಡಿದಿದ್ದ ಮಸಿಯನ್ನೂ ನೋಡಿದರು. "ನನ್ನ ಕ್ಲಾಸು ಸಾರ್, ತಪ್ಪು ನಂದೇ" ಎಂದು ಹಲಗೆಯ ಮೂಲೆಯಲ್ಲಿ ತಮ್ಮ ಹೆಸರು ಬರೆದು ಪಾಠ ಶುರುಮಾಡಿದರು.

ಆ ಹೆಸರನ್ನು ಅವರು ಒರೆಸಲಿಲ್ಲ. ನಾನೂ ಎದ್ದು ಹೋಗಲಿಲ್ಲ. ದಿನಾ ಹಲಗೆ ಒರೆಸುವುದು ಲೀಡರನ ಕೆಲಸ; ಆ ಮೂಲೆಯೊಂದನ್ನು ಬಿಟ್ಟು ಒರೆಸುತ್ತಿದ್ದೆ. ದಸರಾ ರಜೆಯಲ್ಲಿ ಅವರಿಗೆ ಪಾವಗಡಕ್ಕೆ ವರ್ಗವಾಯಿತು.

ಹೊಸ ಮೇಷ್ಟ್ರು ಬೆತ್ತದ ತುದಿಯನ್ನು ಆ ಮೂಲೆಗೆ ಊರಿ, "ಯಾರ್ದೋ ಈ ಹೆಸ್ರು? ಒರ್ಸೋ" ಅಂದರು.

ಎದ್ದು ಹೋದೆ. ಹಲಗೆಯ ಕೆಳಗೆ ಸೀಮೆಸುಣ್ಣದ ತುಂಡೂ ಇತ್ತು, ಒರೆಸುವ ಬಟ್ಟೆಯೂ ಇತ್ತು. ನಾನು ಬಟ್ಟೆ ತೆಗೆದುಕೊಂಡೆ.