ಬಿಚ್ಚಿಕೊಂಡದ್ದು ನನ್ನ ಗಂಟು

ಅಂಕಲ್, ಅವತ್ತು ಆ ಸಾಲ್ಮನ್ ಮೀನು ತಪ್ಪಿಸಿಕೊಂಡದ್ದು ನಿಮ್ಮ ಕೈಯಿಂದ ಅಲ್ಲ. ನಾನು ಕಟ್ಟಿದ ಗಂಟು ಬಿಚ್ಚಿಕೊಂಡಿತ್ತು. ಅದು ನನಗೆ ಅಲ್ಲೇ, ಮರಳಿನ ಮೇಲೆ ನಿಂತಿದ್ದಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ತಪ್ಪನ್ನು ನಿಮ್ಮ ಮೇಲೆ ಹಾಕಿದೆ.

ಯಾಕೆ ಹಾಗೆ ಮಾಡಿದೆ ಅಂತ ನನ್ನನ್ನೇ ಎಷ್ಟು ಸಲ ಕೇಳಿಕೊಂಡಿದ್ದೇನೋ — ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ, ಯಾವುದೂ ನಿಲ್ಲುವುದಿಲ್ಲ. ಆದದ್ದನ್ನು ಆದ ಹಾಗೇ ಹೇಳಿಬಿಡುತ್ತೇನೆ.

ನಿಮ್ಮ ಮಗ ಹರ್ಷ ಪರ್ತ್‌ಗೆ ಬಂದಾಗ ನಾನು ಅಲ್ಲಿ ಹಳಬ. ಹೊಸದಾಗಿ ಬಂದವರು ಏನಿದ್ದರೂ ನನ್ನನ್ನೇ ಕೇಳುತ್ತಿದ್ದರು. ಯಾವ ಹಳೇ ಕಾರು ತಗೊಳ್ಳಲಿ, ಬೆಂಟ್ಲಿ ಬಡಾವಣೆಯಲ್ಲಿ ರೂಮು ಸಿಗುತ್ತಾ, ಕರಿಬೇವು ಎಲ್ಲಿ — ಎಲ್ಲಕ್ಕೂ ನನ್ನ ಹತ್ತಿರ ಉತ್ತರ ಇರುತ್ತಿತ್ತು. ಇಲ್ಲದಿದ್ದರೆ ಅಲ್ಲೇ ಹುಟ್ಟಿಸುತ್ತಿದ್ದೆ! "ಗೊತ್ತಿಲ್ಲ" ಅನ್ನುವ ಮಾತು ನನ್ನ ಬಾಯಲ್ಲಿ ಬಂದದ್ದೇ ಇಲ್ಲ. ಹಾಗಾಗಿ ನೀವು ಕುಮಟಾದಿಂದ ಬರುವ ಸುದ್ದಿ ಬಂದಾಗ ಹರ್ಷ ನನಗೇ ಫೋನ್ ಮಾಡಿದ. "ಅಣ್ಣಾ, ಅಪ್ಪನಿಗೆ ಇಲ್ಲಿ ಒಂದು ಸಾಲ್ಮನ್ ಹಿಡಿಸ್ಬೇಕು. ರಾಡ್ ಯಾವುದು ತಗೊಳ್ಳಲಿ?"

ಕೇಳಿದ್ದು ಯಾರನ್ನು ನೋಡಿ. ಮೀನಿನ ವಾಸನೆ ಬಂದರೆ ಕಿಟಕಿ ಮುಚ್ಚುವ ಮೈಸೂರಿನ ಮನೆಯಲ್ಲಿ ಬೆಳೆದವನು ನಾನು. ಒಂದು ಬಂಗುಡೆಯನ್ನೂ ಕೈಯಲ್ಲಿ ಹಿಡಿದವನಲ್ಲ. ಆದರೂ "ನನಗೆ ಬಿಡೋ" ಅಂದೆ. ವಾರವಿಡೀ ಅಮೆರಿಕದವರ ವಿಡಿಯೋ ನೋಡಿದೆ. ಅಲ್ಲಿನ ಹೊಳೆಗಳ ಸಾಲ್ಮನ್, ಸ್ಟೀಲ್‌ಹೆಡ್ ಮೀನುಗಳಿಗೆ ಎಂಥ ರಾಡ್, ಎಂಥ ದಾರ, ಒಂದೇ ರಾಡ್ ಎಲ್ಲಕ್ಕೂ ಆಗಬೇಕಾದರೆ ಎಷ್ಟು ಉದ್ದ ಇರಬೇಕು. ನಮ್ಮದು ಕಡಲ ದಂಡೆ, ಇಲ್ಲಿನ ಸಾಲ್ಮನ್ ಬೇರೆಯೇ ಜಾತಿ ಅನ್ನುವುದು ಕೂಡ ನನ್ನ ತಲೆಗೆ ಹೋಗಲಿಲ್ಲ.

ಕ್ಯಾನಿಂಗ್ಟನ್‌ನ ಗಾಳದ ಸಾಮಾನಿನ ಅಂಗಡಿಗೆ ಹರ್ಷನನ್ನು ಕರೆದುಕೊಂಡು ಹೋದೆ. ಅಂಗಡಿಯವನು ಒಳ್ಳೆಯವನು. ಹತ್ತಡಿಯ ರಾಡ್ ಕೊಟ್ಟ, ಜೆಟ್ಟಿಗೂ ಆಗುತ್ತೆ ಬೀಚಿಗೂ ಆಗುತ್ತೆ ಅಂದ. ರೀಲಿಗೆ ಬ್ರೇಡ್ ಸುತ್ತಿಕೊಟ್ಟ — ಹೆಣೆದ ದಾರ, ತೆಳ್ಳಗೆ, ರೇಷ್ಮೆಯ ಹಾಗೆ ಜಾರುತ್ತದೆ. ಇದರ ತುದಿಗೆ ಲೀಡರ್ ಅಂತ ದಪ್ಪ ನೈಲಾನಿನ ತುಂಡು ದಾರ ಸೇರಿಸಲೇಬೇಕು, ಬ್ರೇಡಿನಲ್ಲಿ ಮಾಮೂಲಿ ಗಂಟು ನಿಲ್ಲುವುದಿಲ್ಲ, ಕಟ್ಟುವುದು ತೋರಿಸಲಾ ಅಂತ ಕೇಳಿದ. ಹರ್ಷ ನನ್ನ ಮುಖ ನೋಡಿದ. ನಾನು "ಗೊತ್ತು, ಗೊತ್ತು" ಅಂದುಬಿಟ್ಟೆ. ಹೊರಗೆ ಬಂದ ಮೇಲೆ, "ಅದೆಲ್ಲ ಮಾರೋಕೆ ಹೇಳ್ತಾರೆ ಕಣೋ, ಲೀಡರ್ ಏನೂ ಬೇಡ" ಅಂತ ಬೇರೆ ಹೇಳಿದೆ.

ನೀವು ಬಂದ ಮೇಲೆ ಮೀನು ಹಿಡಿಯಲು ಹೊರಟ ದಿನ ಪರ್ತ್‌ನಿಂದ ದಕ್ಷಿಣಕ್ಕೆ ಹೋಗುವಾಗ ದಾರಿಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ, ಇಲ್ಲಿಯವರು ಸರ್ವೋ ಅನ್ನುವ ಕಡೆ, ಕಾಫಿಗೆ ನಿಲ್ಲಿಸಿದ್ದೆವು. ನೀವು ಲೋಟ ಹಿಡಿದಿದ್ದಿರಿ, ಕಾಫಿ ಸ್ವಲ್ಪ ತುಳುಕಿತು. ಹರ್ಷ ಪೆಟ್ರೋಲ್ ಹಾಕಿಸುತ್ತಿದ್ದ. ನೀವು ನನಗೆ ಮಾತ್ರ ಹೇಳಿದಿರಿ: "ಡಾಕ್ಟ್ರು ವಯಸ್ಸಿಂದು ಅಂದ್ರು. ಸ್ಟೇರಿಂಗ್ ಹಿಡಿದ್ರೆ ನಡುಗುದಿಲ್ಲ ಮಾರಾಯಾ. ಕೈ ಮೇಲೆ ಭರವಸೆ ಇರೋವರೆಗೆ ಡ್ರೈವಿಂಗ್ ಸ್ಕೂಲ್ ನಡೆಸ್ತೆ. ಮತ್ತೆ ಬಂದ್ ಮಾಡುದೇ." ಅದನ್ನು ಕೇಳಿಸಿಕೊಂಡವನು ನಾನೊಬ್ಬನೇ. ಅದಕ್ಕೇ ನನ್ನ ತಪ್ಪು ದೊಡ್ಡದು.

ಬೀಚಿನಲ್ಲಿ ನಾನು ಬ್ರೇಡನ್ನು ನೇರವಾಗಿ ಗಾಳಕ್ಕೇ ಗಂಟು ಹಾಕುವಾಗ ನೀವು ಬಗ್ಗಿ ನೋಡಿದಿರಿ. "ದಾರ ಸಣ್ಣ ಆಯ್ತಲ್ಲ, ಜಾರುದಿಲ್ವ?" ಅಂದಿರಿ. "ಇದು ಹೊಸ ಟೆಕ್ನಾಲಜಿ ಅಂಕಲ್" ಅಂದೆ. ನಕ್ಕೆ ಕೂಡ.

ಮೀನು ಕಚ್ಚಿದಾಗ ರಾಡ್ ಬಿಲ್ಲಿನ ಹಾಗೆ ಬಾಗಿತು. ಎಂಥ ಮೀನು! ನೀರಿನಿಂದ ಪೂರ್ತಿ ಮೇಲೆ ನೆಗೆದು ತಲೆ ಕೊಡವಿತು. ಹರ್ಷ ಕುಣಿಯುತ್ತಿದ್ದ, ನೀವು ಹಲ್ಲು ಕಚ್ಚಿ ನಗುತ್ತಿದ್ದಿರಿ. ಅಲೆಯ ಅಂಚಿಗೆ ಬಂದೇಬಿಟ್ಟಿತ್ತು — ಅಷ್ಟರಲ್ಲಿ ದಾರ ಹಗುರಾಯಿತು.

ದಾರ ಎಳೆದು ತುದಿ ನೋಡಿದ್ದು ನಾನು. ತುಂಡಾಗಿದ್ದರೆ ಎಳೆ ಚೆದುರಿರಬೇಕು. ಚೆದುರಿರಲಿಲ್ಲ. ತುದಿಯಲ್ಲಿ ಸಣ್ಣ ಸಣ್ಣ ಸುಕ್ಕು, ಗಂಟು ಇದ್ದ ಜಾಗದ ಸುಕ್ಕು. ನೀವು ಕೇಳಿದಿರಿ, "ಎಂತ ಆಯ್ತು?" ಹರ್ಷ ನನ್ನನ್ನೇ ನೋಡುತ್ತಿದ್ದ, ಅಂಗಡಿಯಲ್ಲಿ ನೋಡಿದ ಹಾಗೇ. ನಾನು ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ಕೈ ಸ್ವಲ್ಪ ನಡುಗ್ತಲ್ಲ ಅಂಕಲ್, ಅಲ್ಲೇ ಲೂಸ್ ಆಗ್ಬಿಡ್ತು."

ನೀವು ನಿಮ್ಮ ಬಲಗೈ ನೋಡಿಕೊಂಡಿರಿ. ಮತ್ತೆ "ಹೌದ" ಅಂದಿರಿ. ರಾಡನ್ನು ಹರ್ಷನ ಕೈಗೆ ಕೊಟ್ಟು ಚಾಪೆಯ ಮೇಲೆ ಹೋಗಿ ಕೂತಿರಿ. ಇನ್ನೊಂದು ಸಲ ಎಸೆಯಿರಿ ಅಂತ ಅವನು ಎಷ್ಟು ಗೋಗರೆದರೂ ಏಳಲಿಲ್ಲ.

ಊರಿಗೆ ಹೋದ ತಿಂಗಳಲ್ಲೇ ಸ್ಕೂಲ್ ಮುಚ್ಚಿದಿರಿ, ಕಾರು ಕೊಟ್ಟುಬಿಟ್ಟಿರಿ. ಅದನ್ನು ನನಗೆ ಹೇಳಿದವನು ಹರ್ಷ. ಆಗಲೂ ನಾನು ನಿಜ ಹೇಳಲಿಲ್ಲ. ಬ್ರಿಸ್ಬೇನಿಗೆ ಕೆಲಸ ಬದಲಾಯಿಸಿ ಬಂದಾಗ, ಹೋಯ್ತು ಬಿಡು ಅಂದುಕೊಂಡೆ. ಹೋಗಲಿಲ್ಲ. ನಿಮ್ಮ ಕೈ ನಿಜವಾಗಿ ನಡುಗಿತ್ತೇನೋ, ಎರಡೂ ಸೇರಿ ಆಯಿತೇನೋ ಅಂತ ನನಗೆ ನಾನೇ ಹೇಳಿಕೊಂಡು ಹೇಳಿಕೊಂಡು, ಈಗ ಕೆಲವೊಮ್ಮೆ ನಡುಗಿದ ಹಾಗೇ ನೆನಪಾಗುತ್ತದೆ. ಯಾವುದು ಕಂಡದ್ದು, ಯಾವುದು ನಾನು ಕಟ್ಟಿದ್ದು — ತಲೆ ಕೆಟ್ಟುಹೋಗುತ್ತದೆ. ಈಗ ನಿಮ್ಮ ಕೈ ಜಾಸ್ತಿಯೇ ನಡುಗುತ್ತದಂತೆ. ಅದು ವಯಸ್ಸೋ, ನನ್ನ ಮಾತೋ?

ಮೊನ್ನೆ ಇಲ್ಲಿ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಪಕ್ಕದ ಬೀದಿಯ ಕನ್ನಡದವರೊಬ್ಬರು, "ಮೀನು ಹಿಡಿಯೋಕೆ ಯಾವ ರಾಡ್ ತಗೊಳ್ಳಲಿ ಸಾರ್?" ಅಂತ ಕೇಳಿದರು. "ನನಗೆ ಗೊತ್ತಿಲ್ಲ, ಅಂಗಡಿಯವನನ್ನೇ ಕೇಳಿ" ಅಂದೆ. ಎಷ್ಟು ಸುಲಭವಾಗಿತ್ತು! ಅವತ್ತು ಅಂದಿದ್ದರೆ...

ಅದೇ ಸಂಜೆ ಹರ್ಷನ ಫೋನು. ಈಗ ಮದುವೆಮನೆಗೆ ಹೊರಟರೂ ನೀವು ಕಾರಿನ ಹಿಂದಿನ ಸೀಟಿನಲ್ಲೇ ಕೂರುತ್ತೀರಂತೆ. ಊರಿಗೆಲ್ಲ ಕಾರು ಕಲಿಸಿದವರು, ಹಿಂದಿನ ಸೀಟಿನಲ್ಲಿ, ಕೈ ಎರಡೂ ತೊಡೆಯ ಕೆಳಗೆ ಇಟ್ಟುಕೊಂಡು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ರಜೆಗೆ ಕುಮಟಾಕ್ಕೆ ಬರುತ್ತೇನೆ. ಹರ್ಷನೂ ಇರಲಿ, ಅವನೆದುರಿಗೇ ಓದುತ್ತೇನೆ. ನೀವು ಬೈದರೂ ಸರಿ, ಎದ್ದು ಒಳಗೆ ಹೋದರೂ ಸರಿ. ಕ್ಷಮೆ ಕೇಳುವ ಮುಖ ನನಗಿಲ್ಲ. ಒಂದು ಮಾತು ಮಾತ್ರ ನಿಮಗೆ ಮುಟ್ಟಬೇಕು.

ಆ ಮೀನು ಅಷ್ಟು ಎಳೆದಾಡುವಾಗ ನಿಮ್ಮ ಕೈ ಒಂದಿಷ್ಟೂ ನಡುಗಲಿಲ್ಲ, ಅಂಕಲ್. ನಾನು ಪಕ್ಕದಲ್ಲೇ ಇದ್ದೆ. ನೋಡಿದ್ದೆ.