ಗುಜರಿ ಸೇರಿದ ಹಡಗು

ಹೆಬ್ಬಗೋಡಿಯಲ್ಲಿ ಹುಟ್ಟಿ, ಎಲೆಕ್ಟ್ರಾನಿಕ್ ಸಿಟಿಯ ಎಸಿಯಲ್ಲಿ ಕೂತು, ಹದಿನಾಲ್ಕು ವರ್ಷ ನಾನು ಕಂಪ್ಯೂಟರಿನಲ್ಲಿ ಒಂದು ಹಡಗಿನ ರಿಪೇರಿ ಲೆಕ್ಕ, ಅಂದರೆ ಅದರ ಜಾತಕ, ಬರೆದೆ. ಎಲ್ಲೋ ಚಳಿ ಸಮುದ್ರದಲ್ಲಿ ಜನರನ್ನೂ ಕಾರುಗಳನ್ನೂ ತುಂಬಿಕೊಂಡು ಆ ದಡ ಈ ದಡ ಓಡಾಡುತ್ತಿದ್ದ ದೊಡ್ಡ ಹಡಗು. ಆಯಿಲ್ ಯಾವಾಗ ಬದಲಾಯಿತು, ಕಾರು ಇಳಿಯುವ ಬಾಗಿಲ ಕೀಲು ಯಾವಾಗ ಸವೆಯಿತು, ಎಲ್ಲ ನನಗೆ ಬಾಯಿಪಾಠ. ಕಣ್ಣಾರೆ ಮಾತ್ರ ಕಂಡವಳಲ್ಲ.

ಅಪ್ಪ ಬಸ್ ಡ್ರೈವರಾಗಿದ್ದವನು. "ನಿನ್ ಅಡಗು ಎಲ್ಲೈತವ್ವ?" ಅಂತ ದಿನಾ ಕೇಳುತ್ತಿದ್ದ. ಅವನ ಕಿಡ್ನಿ ಕೈಕೊಟ್ಟಿತ್ತು. ಡಯಾಲಿಸಿಸ್ ಇನ್ನು ಮೈಗೆ ಹಿಂಸೆಯಷ್ಟೇ ಅಂತ ಡಾಕ್ಟರು ಹೇಳಿದ್ದರು, ಅವನೂ ಸಾಕು ಅಂದಿದ್ದ. ನಾನೇ ಹಠಮಾರಿ, ಎಳೆದುಕೊಂಡು ಹೋಗುತ್ತಿದ್ದೆ.

ನಮ್ಮ ಮನೆಯಲ್ಲಿ ಹೊರಡುವವರು 'ಹೋಗ್ತೀನಿ' ಅನ್ನುವಂತಿಲ್ಲ, 'ಬರ್ತೀನಿ' ಅನ್ನಬೇಕು. ಚಿಕ್ಕಂದಿನಲ್ಲಿ ನಾನು ಬಾಯಿತಪ್ಪಿದರೆ ಅಪ್ಪ ಗೇಟಿನಿಂದ ವಾಪಸ್ ಕರೆದು, ಕೂರಿಸಿ, ನೀರು ಕುಡಿಸಿ, 'ಹೋಗಿ ಬಾ' ಅಂತ ಮತ್ತೆ ಕಳಿಸುತ್ತಿದ್ದ. ಆ ಅಭ್ಯಾಸವೇ ಇರಬೇಕು, ಹಡಗು ಗುಜರಿಗೆ ಹೊರಟ ದಿನ ಅದರ ಎಂಟ್ರಿಯಲ್ಲಿ 'ಸೇವೆ ಮುಗಿಯಿತು' ಅಂತ ಹಾಕುವ ಬದಲು 'ಹೊರಟಿದೆ, ವಾಪಸ್ ಬರುತ್ತದೆ' ಅಂತ ಹಾಕಿಬಿಟ್ಟೆ.

ಹಡಗನ್ನು ಕತ್ತರಿಸಿ ಹಾಕಿದ ಫೋಟೋ ಬಂತು. ಮಾರನೆಯ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ನನ್ನ ಸ್ಕ್ರೀನಿನಲ್ಲಿ ಮೆಸೇಜು: ಹಡಗು ದಡಕ್ಕೆ ಬಂದಿದೆ, ಕಾರು ಇಳಿಯುವ ಬಾಗಿಲು ತೆರೆದಿದೆ. ಮರುದಿನವೂ ಅದೇ ಹೊತ್ತಿಗೆ ಬಂತು.

"ಹಳೇ ಟೈಂಟೇಬಲ್ ಓಡ್ತಿದೆ ಅಷ್ಟೇ ಮೇಡಂ. ಎಂಟ್ರಿ ಕ್ಲೋಸ್ ಮಾಡಿ, ನಿಲ್ಲುತ್ತೆ" ಅಂದ ಪಕ್ಕದ ಸೀಟಿನವನು. ಹಾಗಿದ್ದರೆ ಮೆಸೇಜಿನಲ್ಲಿ ಬಾಗಿಲು ತೆರೆಯಲು ಹಿಡಿಯುವ ಸಮಯ ದಿನದಿನಕ್ಕೆ ಹೆಚ್ಚುತ್ತಿದ್ದದ್ದು ಏಕೆ? ಸುಸ್ತಾದವರು ಎದ್ದು ಬಂದು ಕದ ತೆಗೆದ ಹಾಗೆ. ಎಂಟ್ರಿ ಮುಗಿಸಲು ನನಗೆ ಕೈ ಬರಲಿಲ್ಲ.

ಅಪ್ಪನಿಗೆ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. "ನೀನೇ ಬತ್ತದೆ ಅಂತ ಬರ್ದು ಕಟ್ಟಾಕಿದ್ದೀಯ. ಪಾಪ, ಮೈಯಿಲ್ದಿದ್ರೂ ಬತ್ತಾ ಐತೆ. ಬಿಟ್ಬುಡವ್ವ" ಅಂದ. ಇದು ಹಡಗಿನ ಮಾತಷ್ಟೇ ಅಲ್ಲ ಅಂತ ಗೊತ್ತಾಗಿ ಕೋಪ ಬಂತು, ಅಳುವೂ ಬಂತು.

ಮರುದಿನ ಎಂಟ್ರಿ ಮುಗಿಸಿದೆ. ಆಮೇಲೆ ಮೆಸೇಜು ಬರಲಿಲ್ಲ. ಆ ವಾರ ಅಪ್ಪನನ್ನು ಡಯಾಲಿಸಿಸ್‌ಗೂ ಕರೆದೊಯ್ಯಲಿಲ್ಲ.

ಒಂದು ಬೆಳಿಗ್ಗೆ ಅವನು ನನ್ನ ಕೈ ಹಿಡಿದು, "ಓಗ್ತೀನಿ ಕಣವ್ವ" ಅಂದ. ವಾಪಸ್ ಕರೆದು, ಕೂರಿಸಿ, ನೀರು ಕುಡಿಸಬೇಕಿತ್ತು.

"ಹೋಗಿ..." ಅಂದೆ. 'ಬಾ' ಅನ್ನುವುದನ್ನು ನುಂಗಿಕೊಂಡೆ.